ಸೈಕ್ಸ್: ಹಳ್ಳದ ದಡದ ಹೆಸರು, ಇಪ್ಪತ್ಮೂರು ತಲೆಮಾರಿನ ಲೆಕ್ಕ

ಬ್ರಯನ್ ಸೈಕ್ಸ್ ಆಕ್ಸ್‌ಫರ್ಡಿನಲ್ಲಿ ತಳಿವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. 1990ರ ದಶಕದ ಕೊನೆಯಲ್ಲಿ ಅವರನ್ನು ಗ್ಲಾಕ್ಸೊ ವೆಲ್‌ಕಮ್ ಎಂಬ ಔಷಧ ಕಂಪನಿ ಉಪನ್ಯಾಸಕ್ಕೆ ಕರೆಯಿತು. ಆಗ ಅದರ ಅಧ್ಯಕ್ಷರು ಸರ್ ರಿಚರ್ಡ್ ಸೈಕ್ಸ್. ಹೆಸರು ಕೇಳಿದವರೆಲ್ಲ ನೀವಿಬ್ಬರೂ ನೆಂಟರೇ ಎಂದು ವಿಚಾರಿಸುವುದು ಸಹಜ. ಇಬ್ಬರಿಗೂ ಅಂಥ ನೆಂಟಸ್ತಿಕೆ ಗೊತ್ತಿರಲಿಲ್ಲ. ರಿಚರ್ಡ್ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಹಡರ್ಸ್‌ಫೀಲ್ಡ್ ಕಡೆಯವರು, ಬ್ರಯನ್ ಲಂಡನ್ನಿನಲ್ಲಿ ಹುಟ್ಟಿದವರು. ಆದರೆ ಉಪನ್ಯಾಸಕಾರ ತಳಿವಿಜ್ಞಾನಿ, ಅಂದಾಜಿಗೆ ಬಿಡುವವರಲ್ಲ. ಇಬ್ಬರ ಡಿಎನ್‌ಎ ತೆಗೆದು ವೈ ಕ್ರೋಮೋಸೋಮನ್ನು ಹೋಲಿಸಿ ನೋಡಿದರು. ಎರಡೂ ಒಂದೇ ಆಗಿದ್ದವು.

ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಮನೆತನದ ಹೆಸರೂ ಏಳುನೂರು ವರ್ಷಗಳಿಂದ ಅದೇ ದಾರಿ ಹಿಡಿದಿದೆ. ಹಾಗಾದರೆ ಸೈಕ್ಸ್ ಹೆಸರಿನ ಗಂಡಸರೆಲ್ಲ ಒಬ್ಬನೇ ಮೂಲಪುರುಷನ ಮಕ್ಕಳೇ? ಈ ಪ್ರಶ್ನೆಗೆ 2000ದಲ್ಲಿ ಬಂದ ಉತ್ತರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆ ಉತ್ತರ ಪೂರ್ತಿ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ನೋಡುವ ಮುನ್ನ ಹೆಸರು ಹುಟ್ಟಿದ ನೆಲವನ್ನು ನೋಡಬೇಕು.

ಸೈಕ್ ಎಂಬುದು ಉತ್ತರ ಇಂಗ್ಲೆಂಡಿನ ಆಡುಮಾತಿನ ಪದ. ಹಳೆಯ ಇಂಗ್ಲಿಷಿನಲ್ಲೂ ಅದಿದೆ, ವೈಕಿಂಗರು ತಂದ ನಾರ್ಸ್ ಭಾಷೆಯಲ್ಲೂ ಇದೆ. ಯಾರ್ಕ್‌ಷೈರಿನಲ್ಲಿ ಎರಡೂ ಬೆರೆತವು. ಅರ್ಥ, ಜೌಗುನೆಲದಿಂದ ಇಳಿದು ಬರುವ ಸಣ್ಣ ನೀರಿನ ಹರಿವು. ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಬತ್ತುವಂಥದ್ದು, ಎಷ್ಟೋ ಕಡೆ ಇಬ್ಬರ ಹೊಲದ ನಡುವಿನ ಗಡಿ. ಕನ್ನಡದಲ್ಲಿ ಇದಕ್ಕೆ ಪದ ಹುಡುಕಬೇಕಾಗಿಲ್ಲ. ಧಾರವಾಡ, ಗದಗ ಕಡೆ ಹಳ್ಳ ಎನ್ನುವುದು ಇದನ್ನೇ. ಆ ಭಾಗದಲ್ಲಿ ಹಳ್ಳದ ಎಂಬ ಅಡ್ಡಹೆಸರಿನ ಮನೆಗಳೂ ಇವೆ. ಹಳ್ಳದ ಪಕ್ಕದ ಮನೆಯವನು ಹಳ್ಳದ ಆದ, ಸೈಕಿನ ಪಕ್ಕದ ಮನೆಯವನು ಸೈಕ್ಸ್ ಆದ.

ಮಧ್ಯಯುಗದ ದಾಖಲೆಗಳಲ್ಲಿ ಈ ಹೆಸರು ಡೆಲ್ ಸೈಕ್, ಡೆಲ್ ಸೈಕ್ಸ್ ಎಂದು ಕಾಣುತ್ತದೆ. ಡೆಲ್ ಎನ್ನುವುದು ಫ್ರೆಂಚ್. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಬರವಣಿಗೆ ಫ್ರೆಂಚ್ ಮತ್ತು ಲ್ಯಾಟಿನ್ ಬಲ್ಲ ಗುಮಾಸ್ತರ ಕೈಗೆ ಹೋಗಿತ್ತು. ರೈತ ತನ್ನನ್ನು ಹಾಗೆ ಕರೆದುಕೊಂಡಿರಲಿಕ್ಕಿಲ್ಲ. ಜಮೀನ್ದಾರನ ನ್ಯಾಯಸಭೆಯಲ್ಲಿ ದಂಡ ಬರೆದುಕೊಳ್ಳುವವನಿಗೆ ಯಾವ ವಿಲಿಯಂ ಎಂದು ಗುರುತು ಬೇಕಿತ್ತು, ಅವನು ಬರೆದ. ಗಂಡಸರ ಹೆಸರುಗಳು ಆಗ ಬಹಳ ಕಡಿಮೆ. ವಿಲಿಯಂ, ಜಾನ್, ರಾಬರ್ಟ್, ಥಾಮಸ್ ಮುಂತಾದ ಕೆಲವೇ ಹೆಸರುಗಳನ್ನು ಇಡೀ ಊರು ಹಂಚಿಕೊಂಡಿತ್ತು. ಹೆಸರಿನ ಹಿಂದೊಂದು ಬಾಲ ಬೇಕಾದದ್ದು ಹೀಗೆ. ಮೊದಮೊದಲು ಆ ಬಾಲ ಒಬ್ಬನೊಂದಿಗೇ ಸಾಯುತ್ತಿತ್ತು. ಮಗ ಬೇರೆ ಕಡೆ ಮನೆ ಕಟ್ಟಿದರೆ ಅವನ ಬಾಲವೂ ಬೇರೆ. ಅದು ತಂದೆಯಿಂದ ಮಗನಿಗೆ ಇಳಿಯಲು ತೊಡಗಿದ್ದು ಇಂಗ್ಲೆಂಡಿನ ದಕ್ಷಿಣದಲ್ಲಿ ಮೊದಲು, ಉತ್ತರದಲ್ಲಿ ಆಮೇಲೆ. ಅಜಮಾಸು 1300ರಿಂದ 1400ರ ನಡುವೆ ಯಾರ್ಕ್‌ಷೈರಿನ ಸಾಮಾನ್ಯರ ಹೆಸರುಗಳು ಗಟ್ಟಿಯಾದವು. 1379ರ ತಲೆಗಂದಾಯದ ಪಟ್ಟಿ ಯಾರ್ಕ್‌ಷೈರಿನ ಪಶ್ಚಿಮ ಭಾಗವಾದ ವೆಸ್ಟ್ ರೈಡಿಂಗ್ ಮಟ್ಟಿಗೆ ಚೆನ್ನಾಗಿ ಉಳಿದಿದೆ. ತೆರಿಗೆ ಕೊಡಲಾರದೆ ಪರದಾಡಿದ ಜನರೇ ಇವತ್ತಿನ ವಂಶಾವಳಿ ಹುಡುಕುವವರಿಗೆ ಆಧಾರವಾಗಿದ್ದಾರೆ.

ಇಲ್ಲೇ ತೊಡಕು ಇರುವುದು. ಹಳ್ಳ ಒಂದೇ ಊರಿನ ಆಸ್ತಿಯಲ್ಲ. ಯಾರ್ಕ್‌ಷೈರಿನ ಗುಡ್ಡಗಾಡಿನಲ್ಲಿ ಮೈಲಿಗೊಂದು ಸೈಕ್ ಇದೆ. ಹಾಗಿರುವಾಗ ಹೆಸರು ಹತ್ತು ಕಡೆ ಬೇರೆಬೇರೆಯಾಗಿ ಹುಟ್ಟಿರಬೇಕು ಎಂದು ಹಳೆಯ ಕಾಗದಪತ್ರ ಓದುವವರು ಮೊದಲಿನಿಂದಲೂ ಹೇಳುತ್ತಿದ್ದರು. ಹಡರ್ಸ್‌ಫೀಲ್ಡ್ ಬಳಿಯ ಸ್ಲೇತ್‌ವೇಟ್ ಒಂದು ನೆಲೆ, ವೇಕ್‌ಫೀಲ್ಡ್ ಕಡೆಗಿರುವ ಫ್ಲಾಕ್ಟನ್ ಇನ್ನೊಂದು. ಯಾರ್ಕ್‌ಷೈರಿನ ಹೆಸರುಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಜಾರ್ಜ್ ರೆಡ್‌ಮಂಡ್ಸ್ ಇಂಥ ಹೆಸರುಗಳನ್ನು ಊರು ಊರಿನ ದಾಖಲೆ ಹಿಡಿದೇ ಬಿಡಿಸಬೇಕು ಎಂದು ನಂಬಿದವರು. ನಿಘಂಟಿನ ಅರ್ಥ ಕೊಟ್ಟು ಕೈತೊಳೆದುಕೊಳ್ಳುವ ಹೆಸರು ಪುಸ್ತಕಗಳ ಬಗ್ಗೆ ನನಗೂ ಅಷ್ಟೇನೂ ಗೌರವವಿಲ್ಲ.

ಆದರೂ ಒಂದು ಸಂಗತಿಯನ್ನು ಒಪ್ಪಲೇಬೇಕು. ಸೈಕ್ ಎಂಬ ಪದ ಉತ್ತರದುದ್ದಕ್ಕೂ ಇದ್ದರೂ ಸೈಕ್ಸ್ ಹೆಸರಿನ ಜನ ಎಲ್ಲ ಕಡೆ ಸಮನಾಗಿ ಇಲ್ಲ. ಹಡರ್ಸ್‌ಫೀಲ್ಡಿನ ಪಶ್ಚಿಮಕ್ಕೆ ಪೆನ್ನೈನ್ ಬೆಟ್ಟಗಳ ಮಡಿಲಲ್ಲಿರುವ ಕೋಲ್ನ್ ಕಣಿವೆ, ಅದರ ಸುತ್ತಲ ಊರುಗಳು, ಬೆಟ್ಟ ದಾಟಿದರೆ ಸ್ಯಾಡಲ್‌ವರ್ತ್, ಇಲ್ಲಿ ಅವರು ಕಿಕ್ಕಿರಿದಿದ್ದಾರೆ. ಯಾಕೆ?

ಉತ್ತರ ಮಗ್ಗದಲ್ಲಿದೆ. ಕಣಿವೆಯ ಮಣ್ಣು ಹುಳಿ, ಹವೆ ತಂಪು, ಬರೀ ಬೇಸಾಯ ನಂಬಿದರೆ ಹೊಟ್ಟೆ ತುಂಬದು. ಆದರೆ ಬೆಟ್ಟದಲ್ಲಿ ಕುರಿಯಿತ್ತು, ಉಣ್ಣೆ ತೊಳೆಯಲು ಮೆದುನೀರಿತ್ತು. ಹೀಗಾಗಿ ಒಂದೆರಡು ಹಸು, ನಾಲ್ಕಾರು ಎಕರೆ, ಮನೆಯೊಳಗೊಂದು ಮಗ್ಗ ಎಂಬ ಬಾಳು ಬೆಳೆಯಿತು. ಇಂದಿಗೂ ಸ್ಲೇತ್‌ವೇಟ್, ಮಾರ್ಸ್‌ಡನ್ ಸುತ್ತ ನೇಕಾರರ ಹಳೆಯ ಕಲ್ಲುಮನೆಗಳಿವೆ. ಮೇಲಂತಸ್ತಿನಲ್ಲಿ ಸಾಲಾಗಿ ಒತ್ತೊತ್ತಾಗಿ ಕಿಟಕಿಗಳು, ಮಗ್ಗಕ್ಕೆ ಬೆಳಕು ಬೀಳಲೆಂದು. ಬೇಸಾಯದ ಊರಿನಲ್ಲಿ ಎರಡನೆಯ ಮಗನಿಗೆ ಹೊಲವಿಲ್ಲದಿದ್ದರೆ ಅವನು ಊರು ಬಿಡಬೇಕು, ಇಲ್ಲವೇ ಮದುವೆಯನ್ನು ಮುಂದೂಡಬೇಕು. ನೇಕಾರಿಕೆಯ ಊರಿನಲ್ಲಿ ಅವನು ತಂದೆಯ ಹೊಲದ ಮೂಲೆಯಲ್ಲಿ ಗುಡಿಸಲು ಹಾಕಿ ಮಗ್ಗ ಹೂಡಿದರೆ ಸಾಕು, ಸಂಸಾರ ನಡೆಯುತ್ತದೆ. ಗಂಡುಮಕ್ಕಳು ಊರಲ್ಲೇ ಉಳಿದರು, ಬೇಗ ಮದುವೆಯಾದರು, ಅವರ ಮಕ್ಕಳೂ ಉಳಿದರು. ಹದಿನೆಂಟನೆಯ ಶತಮಾನದ ಕೊನೆಗೆ ಯಂತ್ರಗಳು ಬಂದಾಗಲೂ ಅವು ಬಂದದ್ದು ಅದೇ ಕಣಿವೆಗೆ. ಜನ ಬೆಟ್ಟದಿಂದ ಇಳಿದು ಹೊಳೆಯ ಬದಿಯ ಗಿರಣಿಗೆ ಹೋದರು, ದೂರ ಹೋಗಲಿಲ್ಲ.

ಇದರ ಪರಿಣಾಮ ತಮಾಷೆಯದು. ಕೋಲ್ನ್ ಕಣಿವೆಯಲ್ಲಿ ಸೈಕ್ಸ್‌ಗಳು ಎಷ್ಟು ಹೆಚ್ಚಿದರೆಂದರೆ ಹೆಸರಿನಿಂದ ಯಾರನ್ನೂ ಗುರುತಿಸುವಂತಿರಲಿಲ್ಲ. ಜಾನ್ ಸೈಕ್ಸ್ ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುವ ಸ್ಥಿತಿ. ಜನ ತಮ್ಮದೇ ದಾರಿ ಕಂಡುಕೊಂಡರು: ಜ್ಯಾಕನ ಬಿಲ್ಲನ ಟಾಮ್ ಎಂದು ಅಪ್ಪ, ಅಜ್ಜನ ಹೆಸರು ಸೇರಿಸಿ ಕರೆಯುವುದು. ಐನೂರು ವರ್ಷ ಹಿಂದೆ ಗುಮಾಸ್ತ ಯಾವ ಕಷ್ಟಕ್ಕೆ ಮನೆತನದ ಹೆಸರು ಹಚ್ಚಿದನೋ ಅದೇ ಕಷ್ಟಕ್ಕೆ ಈಗ ಅದನ್ನು ಬಿಟ್ಟು ಕರೆಯಬೇಕಾಯಿತು.

ನಲವತ್ತೆಂಟು ಗಂಡಸರು

ಬ್ರಯನ್ ಸೈಕ್ಸ್ ಅಧ್ಯಕ್ಷರ ಜೊತೆಗಿನ ಹೊಂದಾಣಿಕೆಯಿಂದ ಹುರುಪುಗೊಂಡು ತಮ್ಮ ಹೆಸರಿನವರನ್ನೇ ಹುಡುಕಲು ತೊಡಗಿದರು. ಯಾರ್ಕ್‌ಷೈರಿನ ವೆಸ್ಟ್ ರೈಡಿಂಗ್, ಪಕ್ಕದ ಲ್ಯಾಂಕಾಷೈರ್, ಚೆಷೈರ್ ಪ್ರಾಂತ್ಯಗಳ ಸೈಕ್ಸ್ ಗಂಡಸರಿಂದ ಮಾದರಿಗಳು ಬಂದವು. ಸಹಲೇಖಕಿ ಕ್ಯಾಥರೀನ್ ಇರ್ವೆನ್ ಜೊತೆ ಅವರು 48 ಜನರ ವೈ ಕ್ರೋಮೋಸೋಮಿನಲ್ಲಿ ನಾಲ್ಕು ಗುರುತುಗಳನ್ನು ನೋಡಿದರು. ಗುರುತು ಎಂದರೆ ಡಿಎನ್‌ಎಯಲ್ಲಿ ಒಂದೇ ಸಣ್ಣ ತುಣುಕು ಮತ್ತೆ ಮತ್ತೆ ಬರುವ ಜಾಗ. ಅದು ಎಷ್ಟು ಸಲ ಬಂದಿದೆ ಎಂಬ ಎಣಿಕೆ ತಂದೆಯಿಂದ ಮಗನಿಗೆ ಬಹುಪಾಲು ಹಾಗೆಯೇ ಇಳಿಯುತ್ತದೆ.

48ರಲ್ಲಿ 21 ಜನರ ಎಣಿಕೆ ಒಂದೇ ಆಗಿತ್ತು. ಸುತ್ತಲಿನ ಬೇರೆ ಹೆಸರಿನವರಲ್ಲಾಗಲಿ ಬ್ರಿಟನ್ನಿನ ಉಳಿದ ಮಾದರಿಗಳಲ್ಲಾಗಲಿ ಅದು ಕಾಣಲಿಲ್ಲ. ಉಳಿದ 27 ಜನರದ್ದು ಊರಿನ ಯಾರದ್ದಾದರೂ ಇರಬಹುದಾದ ಸಾಮಾನ್ಯ ಎಣಿಕೆಗಳು. ಸೈಕ್ಸ್‌ಗಳ ಮೂಲಪುರುಷ ಒಬ್ಬನೇ, ಹಲವು ಮೂಲಗಳೆಂದು ಕಾಗದಪತ್ರ ಓದಿದವರು ಎಣಿಸಿದ್ದು ತಪ್ಪು, ಬೇರೆ ಎಣಿಕೆ ಇರುವವರ ವಂಶದಲ್ಲಿ ಎಲ್ಲೋ ತಂದೆಯ ಸಾಲು ಕಡಿದಿದೆ ಎಂಬುದು 2000ದಲ್ಲಿ ಪ್ರಕಟವಾದ ಪ್ರಬಂಧದ ತೀರ್ಮಾನ. ಹಾಗೆ ಕಡಿಯುವ ಪ್ರಮಾಣ ತಲೆಮಾರಿಗೆ ನೂರಕ್ಕೆ 1.3 ಎಂದೂ ಅಂದಾಜಿಸಿದರು.

ಪತ್ರಿಕೆಗಳು ಹಿಡಿದುಕೊಂಡದ್ದು ಈ ಕೊನೆಯ ಅಂಕಿಯನ್ನು. ಏಳುನೂರು ವರ್ಷಗಳ ಸೈಕ್ಸ್ ಹೆಂಡತಿಯರ ನಡತೆಗೆ ಅಂಕ ಕೊಟ್ಟಂತೆ ಬರೆದವು. ಇದು ನನಗೆ ಕಿರಿಕಿರಿ ತರುವ ಓದು. ತಂದೆಯ ಸಾಲು ಕಡಿಯಲು ಹಾದರವೇ ಬೇಕಿಲ್ಲ. ವಿಧವೆ ಮರುಮದುವೆಯಾದಾಗ ಮೊದಲ ಗಂಡನ ಮಗ ಎರಡನೆಯವನ ಹೆಸರು ಹೊತ್ತರೆ ಕಡಿಯಿತು. ಮದುವೆಯಾಗದ ಸೈಕ್ಸ್ ಹೆಣ್ಣಿನ ಮಗ ತಾಯಿಯ ಹೆಸರನ್ನು ಇಟ್ಟುಕೊಂಡರೆ ಕಡಿಯಿತು. ಆಸ್ತಿಗಾಗಿ ಅಳಿಯ ಮಾವನ ಹೆಸರು ಪಡೆದರೆ, ಅನಾಥ ಮಗುವನ್ನು ಸಾಕಿಕೊಂಡರೆ, ಆಗಲೂ ಅಷ್ಟೇ. ದತ್ತು ಹೋದ ಮಗುವಿನ ಗೋತ್ರ ಬದಲಾಗುವುದನ್ನು ಕಂಡ ನಮಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಅಂಕಿಯ ಬಗ್ಗೆಯೂ ಒಂದು ಮಾತಿದೆ. ತಲೆಮಾರಿಗೆ 30 ವರ್ಷ ಹಿಡಿದರೆ ಏಳುನೂರು ವರ್ಷಕ್ಕೆ 23 ತಲೆಮಾರು. ಚಕ್ರಬಡ್ಡಿಯ ಹಾಗೆ ಲೆಕ್ಕ ಮಾಡಿ ನೋಡಿ. ಪ್ರತಿ ತಲೆಮಾರಿನಲ್ಲಿ ನೂರಕ್ಕೆ 1.3 ಕಡಿದರೆ ಕೊನೆಗೆ ನೂರರಲ್ಲಿ 74 ಜನ ಮೂಲದ ಸಾಲಿನಲ್ಲೇ ಉಳಿಯಬೇಕು. 2 ಕಡಿದರೆ 63, 4 ಕಡಿದರೆ 39. ಸಿಕ್ಕಿರುವುದು 48ರಲ್ಲಿ 21, ಎಂದರೆ ನೂರಕ್ಕೆ 44. ಈ ಸರಳ ಲೆಕ್ಕದಲ್ಲಿ ಅಲ್ಲಿಗೆ ಇಳಿಯಲು ಸುಮಾರು 3.5 ಬೇಕು. ಬೇರೆ ಎಣಿಕೆಯವರೆಲ್ಲ ಒಂದೇ ಮೂಲದಿಂದ ಕಡಿದು ಹೋದವರು ಎಂಬ ಊಹೆಯನ್ನೇ ಬಿಟ್ಟರೆ ಈ ಎಳೆದಾಟವೂ ಬೇಡ. ಅವರಲ್ಲಿ ಕೆಲವರು ಬೇರೊಂದು ಹಳ್ಳದ ದಡದ ಸೈಕ್ಸ್‌ಗಳಾಗಿರಬಹುದಲ್ಲ?

ನನ್ನ ಮುಖ್ಯ ತಕರಾರು ಇದೇ. 21 ಜನ ಒಂದೇ ಮೂಲದವರೆಂದು ಒಪ್ಪೋಣ. ನಾಲ್ಕೇ ಗುರುತು ನೋಡಿದ್ದಾದರೂ ಆ ಎಣಿಕೆ ಸುತ್ತಮುತ್ತ ಎಲ್ಲೂ ಇಲ್ಲದ ಕಾರಣ ಆ ಮಾತು ಗಟ್ಟಿಯೇ. ಆದರೆ ಇವತ್ತು ಅರ್ಧದಷ್ಟು ಜನ ಒಬ್ಬನ ವಂಶದವರು ಎಂಬುದರಿಂದ 1300ರಲ್ಲಿ ಇದ್ದ ಸೈಕ್ಸ್ ಅವನೊಬ್ಬನೇ ಎಂದು ಹೇಳಲಾಗದು.

ಉಳಿದವರ ಸಾಲು ನಂದಿಹೋಗಿರಬಹುದು. ಹಾಗೆ ನಂದುವುದರ ಲೆಕ್ಕ ಹಳೆಯದು. 1873ರಲ್ಲಿ ಇಂಗ್ಲಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಂದು ಪ್ರಶ್ನೆ ಎತ್ತಿದರು: ಪ್ರತಿ ಗಂಡಸಿಗೂ ಇಷ್ಟು ಗಂಡುಮಕ್ಕಳಾಗುವ ಸಂಭವ ಇಷ್ಟಿಷ್ಟು ಎಂದಿಟ್ಟುಕೊಂಡರೆ, ಎಷ್ಟು ತಲೆಮಾರಿನಲ್ಲಿ ಎಷ್ಟು ಮನೆತನದ ಹೆಸರುಗಳು ನಂದಿಹೋಗುತ್ತವೆ? ಪಾದ್ರಿಯೂ ಗಣಿತಜ್ಞರೂ ಆದ ಹೆನ್ರಿ ವಾಟ್ಸನ್ ಉತ್ತರ ಕೊಟ್ಟರು. ಮರುವರ್ಷ ಇಬ್ಬರೂ ಸೇರಿ ಪ್ರಕಟಿಸಿದರು. ಎಲ್ಲ ಹೆಸರುಗಳೂ ಕೊನೆಗೆ ನಂದಿಹೋಗುತ್ತವೆ ಎಂದು ವಾಟ್ಸನ್ ಹೇಳಿದ್ದು ತಪ್ಪಾಗಿತ್ತು, ಆದರೆ ದಾರಿ ಸರಿಯಿತ್ತು. ಸಂತತಿ ಬೆಳೆಯುತ್ತಿರುವ ಕಾಲದಲ್ಲೂ ಬಹಳಷ್ಟು ಗಂಡುಸಾಲುಗಳು ಮೊದಲ ಕೆಲವು ತಲೆಮಾರುಗಳಲ್ಲೇ ಮುಗಿದುಹೋಗುತ್ತವೆ. ಒಬ್ಬನಿಗೆ ಬರೀ ಹೆಣ್ಣುಮಕ್ಕಳು, ಇನ್ನೊಬ್ಬನ ಗಂಡುಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಂಡರು, ಮತ್ತೊಬ್ಬ ಮದುವೆಯಾಗಲಿಲ್ಲ. ಮೊದಲಲ್ಲಿ ಪಾರಾದ ಒಂದೆರಡು ಸಾಲು ಮಾತ್ರ ಆಮೇಲೆ ಮರವಾಗಿ ಹಬ್ಬುತ್ತವೆ. 1348ರಲ್ಲಿ ಇಂಗ್ಲೆಂಡಿಗೆ ಕಾಲಿಟ್ಟ ಪ್ಲೇಗು ಜನಸಂಖ್ಯೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಒಯ್ದಿತು. ಹೆಸರುಗಳು ಗಟ್ಟಿಯಾಗುತ್ತಿದ್ದ ಹೊತ್ತಿಗೇ ಬಂದ ಮಾರಿ ಅದು. ಹತ್ತು ಹಳ್ಳಗಳ ದಡದಲ್ಲಿ ಹತ್ತು ಸೈಕ್ಸ್‌ಗಳು ಇದ್ದಿದ್ದರೂ, ಪ್ಲೇಗು ಕಳೆದು, ಮಗ್ಗದ ಕಣಿವೆಯಲ್ಲಿ ನೆಲೆನಿಂತವನೊಬ್ಬನ ಮಕ್ಕಳೇ ಇವತ್ತು ಅರ್ಧ ಪಾಲಾಗಿ ಕಾಣಲು ಅಡ್ಡಿಯೇನಿಲ್ಲ.

ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜೋಬ್ಲಿಂಗ್ ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಿದರು. 2006ರಲ್ಲಿ ಒಂದೇ ಹೆಸರಿನ, ಪರಸ್ಪರ ಪರಿಚಯವಿಲ್ಲದ 150 ಜೋಡಿ ಗಂಡಸರನ್ನು ಹೋಲಿಸಿದಾಗ ಸುಮಾರು ಕಾಲು ಭಾಗ ಜೋಡಿಗಳಿಗೆ ಮಾತ್ರ ಒಂದೇ ಮೂಲವಿತ್ತು. 2009ರಲ್ಲಿ 40 ಹೆಸರುಗಳ 1,678 ಗಂಡಸರ ಅಧ್ಯಯನ ಬಂತು. ಅಪರೂಪದ ಹೆಸರಾದಷ್ಟೂ ಒಂದೇ ವೈ ಹಂಚಿಕೊಂಡವರು ಹೆಚ್ಚು. ಅಟೆನ್‌ಬರೋ ಎಂಬ ಹೆಸರಿನಲ್ಲಿ ನೂರಕ್ಕೆ 87 ಜನ ಒಂದೇ ಗುಂಪು. ಸ್ಮಿತ್ ಎಂಬ ಹೆಸರಿನವರಲ್ಲಿ ಅಂಥದ್ದೇನೂ ಇಲ್ಲ, ಬೀದಿಯಲ್ಲಿ ಸಿಕ್ಕ ಯಾರನ್ನೋ ಆರಿಸಿದಂತೆ. ಸ್ಮಿತ್ ಎಂದರೆ ಕಮ್ಮಾರ, ಕಮ್ಮಾರನಿಲ್ಲದ ಊರು ಯಾವುದಿತ್ತು? ತಂದೆಯ ಸಾಲು ಕಡಿಯುವ ಪ್ರಮಾಣ ತಲೆಮಾರಿಗೆ ನೂರಕ್ಕೆ 1ರಿಂದ 4.5ರವರೆಗೆ ಇರಬಹುದೆಂದು ಅವರು ಅಂದಾಜಿಸಿದರು. ಮೂಲಪುರುಷರ ಸಂಖ್ಯೆ, ಸಾಲುಗಳು ಅಕಸ್ಮಾತ್ತಾಗಿ ನಂದುವುದು, ತಂದೆ ಬದಲಾಗುವುದು, ಈ ಮೂರೂ ಬೆರೆತು ಇವತ್ತಿನ ಚಿತ್ರವಾಗಿವೆ. ಒಂದನ್ನೇ ಎತ್ತಿ ಹಿಡಿಯಲಾಗದು ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಸೈಕ್ಸ್ ಹೆಸರು ಅಟೆನ್‌ಬರೋದಷ್ಟು ಅಪರೂಪವೂ ಅಲ್ಲ, ಸ್ಮಿತ್‌ನಷ್ಟು ಸಾಮಾನ್ಯವೂ ಅಲ್ಲ.

ಯಾರ್ಕ್‌ಷೈರಿನದೇ ಇನ್ನೊಂದು ಅಪರೂಪದ ಹೆಸರಿನ 18 ಗಂಡಸರಲ್ಲಿ ಏಳು ಮಂದಿಗೆ ಪಶ್ಚಿಮ ಆಫ್ರಿಕಾದ ವೈ ಕ್ರೋಮೋಸೋಮ್ ಇರುವುದನ್ನು ಇದೇ ಲೆಸ್ಟರ್ ತಂಡ 2007ರಲ್ಲಿ ಕಂಡಿತು. ಏಳೂ ಜನ ನೋಡಲು ಬಿಳಿಯರು, ತಾವು ಅಪ್ಪಟ ಇಂಗ್ಲಿಷರೆಂದು ತಿಳಿದಿದ್ದವರು. ಅರಮನೆಯವರೂ ಇದಕ್ಕೆ ಹೊರತಲ್ಲ: 2012ರಲ್ಲಿ ಲೆಸ್ಟರಿನ ಕಾರ್ ನಿಲ್ದಾಣದ ಕೆಳಗೆ ಸಿಕ್ಕ ಮೂರನೆಯ ರಿಚರ್ಡ್ ದೊರೆಯ ಅಸ್ಥಿಯ ವೈ, ವಂಶವೃಕ್ಷದ ಪ್ರಕಾರ ಅವನ ಗಂಡುಸಾಲಿನ ಬಂಧುಗಳಾಗಬೇಕಿದ್ದವರ ವೈ ಜೊತೆ ಹೊಂದಲಿಲ್ಲ. ಎಲ್ಲ ಜನನ ಮರಣಗಳನ್ನೂ ಬರೆದಿಟ್ಟ ಮನೆತನದ ಪಾಡೇ ಹೀಗೆ.

ಕಣಿವೆಯಿಂದ ಹೊರಗೆ

ಹೆಸರು ಕಣಿವೆ ಬಿಟ್ಟು ಹೊರಟ ದಾರಿಗಳಲ್ಲಿ ಕೆಲವು ನಮ್ಮ ಕಡೆಗೂ ಬಂದಿವೆ. ಬ್ರ್ಯಾಡ್‌ಫರ್ಡ್ ಬಳಿ 1790ರಲ್ಲಿ ಹುಟ್ಟಿದ ವಿಲಿಯಂ ಹೆನ್ರಿ ಸೈಕ್ಸ್ ಹುಡುಗನಾಗಿದ್ದಾಗಲೇ ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೇನೆ ಸೇರಿದ. 1824ರಲ್ಲಿ ಅವನನ್ನು ದಖ್ಖನ್ ಪ್ರದೇಶದ ಅಂಕಿಅಂಶ ಕಲೆಹಾಕಲು ನೇಮಿಸಿದರು. ಬೆಳೆ, ಕಂದಾಯ, ಜನರ ಲೆಕ್ಕದ ಜೊತೆ ಅವನು ಹಕ್ಕಿಗಳನ್ನೂ ಎಣಿಸಿದ. 1832ರಲ್ಲಿ ಅವನು ವಿವರಿಸಿದ, ದಖ್ಖನ್ನಿನ ಒಣ ಕಲ್ಲುನೆಲದಲ್ಲಿ ಓಡಾಡುವ ಜುಟ್ಟಿನ ನೆಲಗುಬ್ಬಿಗೆ ಪಕ್ಷಿತಜ್ಞರು ಸೈಕ್ಸನ ಲಾರ್ಕ್ ಎನ್ನುತ್ತಾರೆ; ಉತ್ತರ ಕರ್ನಾಟಕದ ಬಯಲಿನಲ್ಲಿ ಅದನ್ನು ನೋಡಬಹುದು. ಅವನು ಮಾತ್ರ ಅದರ ವೈಜ್ಞಾನಿಕ ಹೆಸರಿಗೆ ದೇವ ಎಂಬ ಪದ ಆರಿಸಿದ, ಚಳಿಗಾಲದಲ್ಲಿ ವಲಸೆ ಬರುವ ಇನ್ನೊಂದು ಪುಟ್ಟ ಹಕ್ಕಿಗೆ ರಾಮ ಎಂದು. ಪೂರ್ವ ಆಫ್ರಿಕಾದ ಒಂದು ಕೋತಿಗೂ ಸೈಕ್ಸ್ ಹೆಸರಿದೆ, ಅದನ್ನು ಮೊದಲು ವಿವರಿಸಿದವನೂ ಇವನೇ. ಮುಂದೆ ಅವನು ಕಂಪನಿಯ ಅಧ್ಯಕ್ಷನಾಗಿ, ಪಾರ್ಲಿಮೆಂಟಿನ ಸದಸ್ಯನಾಗಿ 1872ರಲ್ಲಿ ತೀರಿಕೊಂಡ.

ಇನ್ನೊಬ್ಬ ಸರ್ ಫ್ರೆಡರಿಕ್ ಸೈಕ್ಸ್. 1928ರಿಂದ 1933ರವರೆಗೆ ಬೊಂಬಾಯಿಯ ಗವರ್ನರ್. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಅವನ ಆಡಳಿತದಲ್ಲಿದ್ದವು. ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಸಿದ್ದಾಪುರ, ಅಂಕೋಲೆಗಳ ಕರನಿರಾಕರಣೆ, ಅದಕ್ಕಾಗಿ ರೈತರು ಜಮೀನು ಕಳೆದುಕೊಂಡದ್ದು ಎಲ್ಲವೂ ಅವನ ಕಾಲದ ಸಂಗತಿಗಳು. ಅವನು ಹುಟ್ಟಿದ್ದು ಲಂಡನ್ ಪಕ್ಕದ ಕ್ರಾಯ್ಡನ್ನಿನಲ್ಲಿ, ಮಗ್ಗದ ಕಣಿವೆಯಿಂದ ಬಹು ದೂರ.

ಅಮೆರಿಕದಲ್ಲಿ ಹೆಸರು ರಕ್ತವನ್ನು ಪೂರ್ತಿ ಕೈಬಿಟ್ಟು ನಡೆದದ್ದೂ ಉಂಟು. ದಕ್ಷಿಣ ರಾಜ್ಯಗಳಲ್ಲಿ 1865ರಲ್ಲಿ ಬಿಡುಗಡೆಯಾದ ಗುಲಾಮರಲ್ಲಿ ಎಷ್ಟೋ ಜನ ಒಡೆಯರ ಹೆಸರನ್ನೋ ಸುತ್ತಮುತ್ತ ಕೇಳಿದ ಇನ್ನಾವುದೋ ಹೆಸರನ್ನೋ ಇಟ್ಟುಕೊಂಡರು. ಆರ್ಕನ್ಸಾದಲ್ಲಿ 1906ರಲ್ಲಿ ಹುಟ್ಟಿದ ಬ್ಲೂಸ್ ಪಿಯಾನೊ ವಾದಕ ರೂಸ್‌ವೆಲ್ಟ್ ಸೈಕ್ಸ್ ಕರಿಯ. ಯಾರ್ಕ್‌ಷೈರಿನ ಆ 48 ಜನರ ಪಟ್ಟಿಯಿಂದ ಇಂಥವರ ಹೆಸರಿನ ಕಥೆ ತಿಳಿಯುವುದಿಲ್ಲ.

ಎಲ್ಲರಿಗಿಂತ ಹೆಸರುವಾಸಿಯಾದವನು ಸರ್ ಮಾರ್ಕ್ ಸೈಕ್ಸ್. 1916ರಲ್ಲಿ ಬ್ರಿಟನ್ನಿನ ಪರವಾಗಿ ಫ್ರಾನ್ಸಿನ ರಾಜತಾಂತ್ರಿಕ ಪಿಕೋ ಜೊತೆ ಕೂತು ಅರಬರ ನೆಲವನ್ನು ನಕ್ಷೆಯ ಮೇಲೆ ಹಂಚಿಕೊಂಡವನು. ಅವನ ಮನೆತನದ್ದು ಪೂರ್ವ ಯಾರ್ಕ್‌ಷೈರಿನ ಸ್ಲೆಡ್‌ಮಿಯರ್ ಬಂಗಲೆ. ಆದರೆ ಆ ಮನೆಯವರು ತಮ್ಮ ಮೂಲ ಹೇಳುವುದು ಕೋಲ್ನ್ ಕಣಿವೆಯದ್ದಲ್ಲ. ಕಾರ್ಲೈಲ್ ಪಟ್ಟಣದ ಬಳಿಯ ಸೈಕ್ಸ್ ಡೈಕ್ ಎಂಬಲ್ಲಿಂದ ಹದಿನಾರನೆಯ ಶತಮಾನದಲ್ಲಿ ಲೀಡ್ಸಿಗೆ ಬಂದ ಬಟ್ಟೆ ವ್ಯಾಪಾರಿ ವಿಲಿಯಂನಿಂದ ಅವರ ವಂಶಾವಳಿ ಶುರು. ಅದು ನಿಜವಾದರೆ ಇದು ಬೇರೆಯದೇ ಸೈಕ್, ಬೇರೆಯದೇ ಮೂಲಪುರುಷ. ಒಬ್ಬನೇ ಮೂಲ ಎಂಬ ತೀರ್ಮಾನಕ್ಕೆ ನೇರ ಪರೀಕ್ಷೆ. ನಾಲ್ಕರ ಬದಲು ಈಗ ನೂರಕ್ಕೂ ಹೆಚ್ಚು ಗುರುತುಗಳನ್ನು ನೋಡುವ ಪರೀಕ್ಷೆ ಯಾರಿಗಾದರೂ ಸಿಗುತ್ತದೆ. ಸ್ಲೇತ್‌ವೇಟಿನಿಂದ ದಾಖಲೆ ಸಮೇತ ಇಳಿದು ಬಂದ ಒಬ್ಬ, ಫ್ಲಾಕ್ಟನ್ನಿನಿಂದ ಒಬ್ಬ, ಸ್ಲೆಡ್‌ಮಿಯರಿನಿಂದ ಒಬ್ಬ, ಮೂವರು ಕೆನ್ನೆಯ ಒಳಭಾಗ ಉಜ್ಜಿ ಕೊಟ್ಟರೆ ಸಾಕು.

ಮಾರ್ಕ್ ಸೈಕ್ಸ್ 1919ರಲ್ಲಿ ಪ್ಯಾರಿಸ್ಸಿನಲ್ಲಿ ಇನ್‌ಫ್ಲುಯೆಂಜಾ ಜ್ವರದಿಂದ ಸತ್ತ. ಸೀಸದ ಪೆಟ್ಟಿಗೆಯಲ್ಲಿ ಮುಚ್ಚಿ ಸ್ಲೆಡ್‌ಮಿಯರಿಗೆ ತಂದು ಹೂಳಿದರು. 2008ರಲ್ಲಿ ವಿಜ್ಞಾನಿಗಳು ಅನುಮತಿ ಪಡೆದು ಆ ಗೋರಿಯನ್ನು ತೆರೆದರು, ಪೆಟ್ಟಿಗೆ ಬಿರುಕುಬಿಟ್ಟಿತ್ತು. ಅವರು ಅಗೆದದ್ದು ಜ್ವರದ ವೈರಸ್ಸಿಗಾಗಿ.